ಹುಳು ಕಚ್ಚಿದ ಜೋಳ ಸುಮ್ಮನಿರುವುದಿಲ್ಲ

ರಾಣೆಬೆನ್ನೂರು ತಾಲ್ಲೂಕಿನ ಓದುಗರೊಬ್ಬರ ಪತ್ರ: ‘ಹುಳು ತಿಂದ ಗಿಡದ ವಾಸನೆಗೆ ಹುಳುವಿನ ವೈರಿಗಳು ಬರುತ್ತವೆ ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ಓದಲು ಚೆನ್ನಾಗಿದೆ. ಆದರೆ ಗೋವಿನಜೋಳದ ಸುಳಿಯಲ್ಲಿ ಲದ್ದಿಹುಳು ಕೂತಿರುವಾಗ ಎಣ್ಣೆ ಹೊಡೆಯದೆ (ಕೀಟನಾಶಕ ಸಿಂಪಡಿಸದೆ) ಕಣಜ ಕೀಟದ ದಾರಿ ಕಾಯಲು ಆಗುತ್ತದೆಯೇ?’

ಸಂಪಾದಕರ ಉತ್ತರ:

ಮಾನ್ಯರೇ, ತಮ್ಮ ಆತಂಕ ನ್ಯಾಯವಾದದ್ದು. ಸಾಲ ತಂದು ಬಿತ್ತಿದವರು ಹೊಲವಿಡೀ ಹಾಳಾಗುವುದನ್ನು ನೋಡುತ್ತ ನಿಲ್ಲಬೇಕೆಂದು ನಾವು ಹೇಳಲಾರೆವು. ಆದರೆ ‘ಓದಲು ಚೆನ್ನಾಗಿದೆ’ ಎಂದು ವಿಷಯವನ್ನೇ ಬದಿಗೆ ಸರಿಸಿದ್ದಕ್ಕೆ ನಮ್ಮ ತಕರಾರಿದೆ. ತಮ್ಮಂಥ ಅನುಭವಿಗಳಿಂದ ಇನ್ನಷ್ಟು ಕುತೂಹಲವನ್ನು ನಿರೀಕ್ಷಿಸಿದ್ದೆವು.

1990ರಲ್ಲಿ ಟರ್ಲಿಂಗ್ಸ್, ಟಮ್ಲಿನ್ಸನ್, ಲೂಯಿಸ್ ಎಂಬ ವಿಜ್ಞಾನಿಗಳು ಅಮೆರಿಕದಲ್ಲಿ ಪ್ರಯೋಗಕ್ಕೆ ಆರಿಸಿದ್ದು ಮೆಕ್ಕೆಜೋಳದ, ಅಂದರೆ ತಮ್ಮ ಗೋವಿನಜೋಳದ, ಸಸಿಗಳನ್ನೇ. ಎಲೆಯನ್ನು ಬರಿದೇ ಗಾಯಗೊಳಿಸಿದಾಗ ಸಸಿ ಹೆಚ್ಚೇನೂ ಸ್ಪಂದಿಸಲಿಲ್ಲ. ಅದೇ ಗಾಯಕ್ಕೆ ಹುಳುವಿನ ಬಾಯಿರಸ ಸವರಿದಾಗ ಕೆಲವೇ ಗಂಟೆಗಳಲ್ಲಿ ಟರ್ಪೀನ್ ಎಂಬ ವಾಸನಾವಸ್ತುಗಳನ್ನು ಧಾರಾಳವಾಗಿ ಸೂಸತೊಡಗಿತು, ಮತ್ತು ಆ ವಾಸನೆಯ ಜಾಡು ಹಿಡಿದು ಬಂದದ್ದು ಹುಳುವಿನ ಮೈಯೊಳಗೆ ಮೊಟ್ಟೆಯಿಡುವ ಪುಟ್ಟ ಪರತಂತ್ರಜೀವಿ ಕಣಜ. ಆ ರಸದಲ್ಲಿದ್ದ ಪ್ರಚೋದಕವನ್ನು 1997ರಲ್ಲಿ ಗುರುತಿಸಿ ವಾಲಿಸಿಟಿನ್ ಎಂದು ಕರೆದರು. ಮರುವರ್ಷ ತಂಬಾಕಿನಲ್ಲಿ ಕಂಡದ್ದು ಇನ್ನೂ ಸೂಕ್ಷ್ಮ: ಒಂದಕ್ಕೊಂದು ಹತ್ತಿರದ ಸಂಬಂಧಿಗಳಾದ ಎರಡು ಹುಳುಗಳು ಕಚ್ಚಿದಾಗ ಗಿಡ ಸೂಸುವ ವಾಸನೆಗಳೇ ಬೇರೆಯಾಗಿದ್ದವು, ಕಣಜ ತನ್ನ ಬೇಟೆಯಿದ್ದ ಗಿಡವನ್ನೇ ಆರಿಸಿತು.

ಇದೆಲ್ಲ ಪರದೇಶದ ಮಾತೆಂದು ತಾವು ಹೇಳಬಹುದು. 2018ರಲ್ಲಿ ತಾವು ಹೇಳುವ ಲದ್ದಿಹುಳು, ಅಂದರೆ ಫಾಲ್ ಸೈನಿಕ ಹುಳು, ಭಾರತದಲ್ಲಿ ಮೊದಲು ಪತ್ತೆಯಾದದ್ದು ನಮ್ಮ ಶಿವಮೊಗ್ಗ ಸೀಮೆಯಲ್ಲಿ. ಅದೇ ವರ್ಷ ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲಗಳ ಬ್ಯೂರೋದ ವಿಜ್ಞಾನಿಗಳು ಅದರ ಮೊಟ್ಟೆಗಳನ್ನೇ ನಾಶಮಾಡುವ ಟೆಲಿನೋಮಸ್ ಮತ್ತು ಟ್ರೈಕೋಗ್ರಾಮ ಕಣಜಗಳನ್ನು ಕರ್ನಾಟಕದ ಹೊಲಗಳಲ್ಲಿ ದಾಖಲಿಸಿದರು. ಹುಳು ಹೊಸದು, ಅದರ ವೈರಿಗಳು ನಮ್ಮ ಬದುಗಳಲ್ಲಿ ಮೊದಲಿನಿಂದ ಇದ್ದವರು. ಕಂಡದ್ದನ್ನೆಲ್ಲ ಕೊಲ್ಲುವ ಔಷಧಿಗೆ ಬಯಲಲ್ಲಿ ಹಾರುವ ಈ ಕಣಜಗಳೂ ಬಲಿಯಾಗುತ್ತವೆ. ಸುಳಿಯ ಆಳದಲ್ಲಿ ಅಡಗಿದ ಹುಳು ಎಷ್ಟೋ ಸಲ ಉಳಿದುಕೊಳ್ಳುತ್ತದೆ. ಇದನ್ನು ಬಲ್ಲ ತಾವು ‘ಎಣ್ಣೆ ಹೊಡೆಯದೆ’ ಎಂದಷ್ಟೇ ಬರೆದು ಮುಗಿಸಿದ್ದು ನಮಗೆ ಬೇಸರ ತಂದಿತು.

ನಮ್ಮ ನಿಜವಾದ ಸಂಕಟ ಬೀಜದ ಬಗ್ಗೆ. ಕೆನ್ಯಾದ ಕೀಟ ಸಂಶೋಧನಾ ಕೇಂದ್ರದಲ್ಲಿ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಲ್ಯಾಟಿನ್ ಅಮೆರಿಕದ ನಾಟಿ ಮೆಕ್ಕೆಜೋಳಗಳು, ಕಾಂಡಕೊರಕದ ಪತಂಗ ಎಲೆಯ ಮೇಲೆ ಮೊಟ್ಟೆಯಿಟ್ಟೊಡನೆಯೇ, ಒಂದು ತುತ್ತನ್ನೂ ಅದರ ಮರಿ ತಿನ್ನುವ ಮೊದಲೇ, ಕಣಜವನ್ನು ಸೆಳೆಯುವ ವಾಸನೆ ಸೂಸಿದವು. ಅಲ್ಲಿ ಪರೀಕ್ಷಿಸಿದ ಮಾರಾಟದ ಹೈಬ್ರಿಡ್‌ಗಳಿಗೆ ಅದು ಆಗಲಿಲ್ಲ. ಆ ಕಾಂಡಕೊರಕ ನಮ್ಮ ಜೋಳಕ್ಕೂ ಹಳೆಯ ವೈರಿ. ಉತ್ತರ ಅಮೆರಿಕದ ಬಹುಪಾಲು ತಳಿಗಳ ಬೇರುಗಳೂ, ಬೇರು ತಿನ್ನುವ ಹುಳುಗಳನ್ನು ಕೊಲ್ಲುವ ಮಣ್ಣಿನ ಮಿತ್ರ ಜಂತುಗಳನ್ನು ಸೆಳೆಯುವ ವಾಸನೆಯನ್ನು ಕಳೆದುಕೊಂಡಿವೆ. 2009ರ ಪ್ರಯೋಗವೊಂದರಲ್ಲಿ ಅದನ್ನು ಮರಳಿಸಲು ಓರೆಗಾನೊ ಗಿಡದ ಜೀನನ್ನು ಕಡ ತರಬೇಕಾಯಿತು. ಇಳುವರಿಯೊಂದನ್ನೇ ಅಳೆದು, ಔಷಧಿಯ ರಕ್ಷಣೆಯಲ್ಲಿ ಬೆಳೆಸಿ ತಳಿ ಆರಿಸುವವರಿಗೆ ಇಂಥ ನಷ್ಟ ಕಾಣುವುದೇ ಇಲ್ಲ. ನಮ್ಮ ಕೃಷಿ ವಿಶ್ವವಿದ್ಯಾಲಯಗಳು ಹೊಸ ತಳಿ ಬಿಡುಗಡೆ ಮಾಡುವ ಮೊದಲು ಹುಳು ಬಿದ್ದಾಗ ಅದು ಕಣಜವನ್ನು ಸೆಳೆಯುತ್ತದೆಯೇ ಎಂದು ಪರೀಕ್ಷಿಸಿ, ಫಲಿತಾಂಶವನ್ನು ಬೀಜದ ಚೀಲದ ಮೇಲೆಯೇ ಮುದ್ರಿಸಬೇಕು. ತಾವೂ ಬೀಜ ಕೊಳ್ಳುವಾಗ ಇದನ್ನು ಕೇಳಿ.