ನೀಲಿ ವಿಲೋ ತಟ್ಟೆಯ ವಯಸ್ಸು, ಕಂದು ಕಲೆ

ಹಿಂಬದಿಯಲ್ಲಿ ‘ಇಂಗ್ಲೆಂಡ್’ ಮುದ್ರೆಯಿರುವ ನೀಲಿ ವಿಲೋ ತಟ್ಟೆ (ವಿಲೋ ಮರವಿರುವ ಚೀನೀ ಶೈಲಿಯ ನೀಲಿ ಚಿತ್ರ ಅಚ್ಚಾದ ತಟ್ಟೆ) 1800ರ ಕಾಲದ್ದೇ, ಅದರ ಕಂದು ಕಲೆಗೆ ಬ್ಲೀಚ್ ಹಾಕಬಹುದೇ ಎಂದು ಕೇಳಿದ್ದೀರಿ. ಅಷ್ಟು ಹಳೆಯದಲ್ಲ. ಅಮೆರಿಕದ 1890ರ ಸುಂಕ ಕಾಯ್ದೆಯ ಪ್ರಕಾರ 1891ರಿಂದ ಆಮದು ಮಾಲಿನ ಮೇಲೆ ದೇಶದ ಹೆಸರು ಕಡ್ಡಾಯವಾಯಿತು. ಈ ಮುದ್ರೆ ಸಾಮಾನ್ಯವಾದದ್ದು ಆಮೇಲೆಯೇ.

ತಟ್ಟೆಯ ಅಂಚಿನ ಜಾಲರಿ ಚಿತ್ತಾರವನ್ನು ಹತ್ತು ಪಟ್ಟಿನ ಮಸೂರದಲ್ಲಿ ಸುತ್ತಲೂ ನೋಡಿ. ಎಲ್ಲೋ ಒಂದೆಡೆ ಗೆರೆಗಳು ಕೂದಲೆಳೆಯಷ್ಟು ತಪ್ಪಿದ್ದರೆ, ತಾಮ್ರದ ಫಲಕದಿಂದ ತೆಳುಕಾಗದಕ್ಕೆ ಇಳಿಸಿದ ಚಿತ್ರದ ಎರಡು ತುದಿ ಸೇರಿದ ಜಾಗ ಅದು. ಆ ಬೆಸುಗೆ ಸಿಕ್ಕರೆ ಖುಷಿಪಡಿ, ಕೈಯಿಂದ ಅಂಟಿಸಿದ ಕೆಲಸದ ಗುರುತು ಅದು.

ಬ್ಲೀಚ್ ಬೇಡವೇ ಬೇಡ. ಮೆರುಗಿನ (ಮೇಲಿನ ಗಾಜಿನಂಥ ಲೇಪದ) ಸೀಳುಗಳಿಂದ ಅದು ಒಳಗಿನ ಮಣ್ಣಿಗೆ ಇಳಿಯುತ್ತದೆ. ಒಣಗಿದಾಗ ಬ್ಲೀಚಿನ ಉಪ್ಪು ಹರಳುಗಟ್ಟಿ ಮೆರುಗನ್ನು ಚಕ್ಕೆಚಕ್ಕೆಯಾಗಿ ಎಬ್ಬಿಸುತ್ತದೆ. ಮೊದಲು ತಟ್ಟೆಯನ್ನು ಒಂದು ದಿನ ಡಿಸ್ಟಿಲ್ಡ್ ನೀರಿನಲ್ಲಿ ನೆನೆಸಿ. ಒಣಮಣ್ಣಿಗೆ ನೇರ ದ್ರಾವಣ ತಾಗಿದರೆ ಕಲೆ ಇನ್ನಷ್ಟು ಒಳಸರಿಯುತ್ತದೆ. ಆಮೇಲೆ 3% ಹೈಡ್ರೋಜನ್ ಪೆರಾಕ್ಸೈಡಿನಲ್ಲಿ ಅದ್ದಿದ ಹತ್ತಿಯನ್ನು ಕಲೆಯ ಮೇಲಷ್ಟೇ ಇಟ್ಟು ಪ್ಲಾಸ್ಟಿಕ್ ಹೊದಿಸಿ, ಹತ್ತಿ ಒಣಗುವ ಮುನ್ನ ಬದಲಿಸುತ್ತಿರಿ. ಚಿನ್ನದ ಗೆರೆ ಅಥವಾ ಹಳೆಯ ರಿಪೇರಿ ಇದ್ದರೆ ಇದನ್ನೂ ಮಾಡಬೇಡಿ. ಬಿಸಿ ಓವನ್ನಿಗಂತೂ ಇಡಲೇಬೇಡಿ.

ಹಳೆಯ ಮೆರುಗಿನಲ್ಲಿ ಸೀಸವಿರುತ್ತದೆ, ಹುಳಿಗೆ ಕರಗುತ್ತದೆ. ಸೀಳುಬಿಟ್ಟ ತಟ್ಟೆಯಲ್ಲಿ ಸಾರು, ಉಪ್ಪಿನಕಾಯಿ ಬಡಿಸಬೇಡಿ.