ಹಲ್ಲು ನೇರ ಮಾಡಲು ಹಾಕಿಕೊಂಡ ಹೊಸ ಅಲೈನರ್ (ತಿಳಿ ಪ್ಲಾಸ್ಟಿಕ್ ಕವಚ) ನಾಲ್ಕೇ ದಿನಕ್ಕೆ ಹಳದಿಯಾಯಿತು. ದಿನಕ್ಕೆರಡು ಸಲ ಹಲ್ಲುಜ್ಜಿದರೂ ಯಾಕೆ ಹೀಗೆ?

ಎರಡು ಸಲ ಉಜ್ಜುತ್ತೀರಿ, ಸರಿ. ನಡುವೆ ಅಲೈನರ್ ಹಾಕಿಕೊಂಡೇ ಏನೇನು ಕುಡಿಯುತ್ತೀರಿ ಅನ್ನೋದನ್ನ ಮಾತ್ರ ಬರೆದಿಲ್ಲ. ನನ್ನ ಕಳ್ಳ ಸಿಕ್ಕಿದ್ದು ಅಲ್ಲೇ.

ದಿನಕ್ಕೆ 20ರಿಂದ 22 ಗಂಟೆ ಬಾಯಲ್ಲೇ ಇರಬೇಕು ಅಂತ ಡಾಕ್ಟರು ಹೇಳಿದ್ದರು. ಅದನ್ನೇ ನೆಪ ಮಾಡಿಕೊಂಡು, ಎರಡು ಗುಟುಕು ಕಾಫಿ ತಾನೇ ಅಂತ ತೆಗೆಯದೆ ಕುಡಿಯುತ್ತಿದ್ದೆ. ಒಂದು ದಿನ ತೆಗೆದು ಬಿಳಿ ಕಾಗದದ ಮೇಲಿಟ್ಟು ನೋಡಿದೆ. ಮುಂಭಾಗ ಪರವಾಗಿಲ್ಲ. ದವಡೆ ಹಲ್ಲು ಕೂರುವ ಕಡೆ, ಅಟ್ಯಾಚ್‌ಮೆಂಟ್ (ಹಲ್ಲಿಗೆ ಅಂಟಿಸಿರುವ ಸಣ್ಣ ಉಬ್ಬು) ಸಿಕ್ಕಿಕೊಳ್ಳುವ ಪುಟ್ಟ ಗುಳಿಗಳ ಸುತ್ತ, ಪೆನ್ಸಿಲಲ್ಲಿ ತಿದ್ದಿದ ಹಾಗೆ ಕಂದು ಗೆರೆ. ಕುಡಿದದ್ದು ಪ್ಲಾಸ್ಟಿಕ್ಕಿಗೂ ಹಲ್ಲಿಗೂ ನಡುವೆ ನುಸುಳಿ ಅಲ್ಲೇ ನಿಂತಿರುತ್ತದೆ. ಜೊಲ್ಲು ಒಳಗೆ ಹೋಗಿ ತೊಳೆಯುವುದಿಲ್ಲವಲ್ಲ.

ಅದರ ಮೇಲೆ ಇನ್ನೊಂದು ವಿಷಯ. ಬಾಯಿಗೆ ಹಾಕಿದ ಸ್ವಲ್ಪ ಹೊತ್ತಿಗೇ ಜೊಲ್ಲಿನ ತೆಳು ಪೊರೆ ಅಲೈನರ್ ಮೇಲೆ ಕೂರುತ್ತದೆ. ಕಾಫಿ, ಟೀ, ಕೆಂಪು ವೈನಿನ ಬಣ್ಣ ಮೊದಲು ಅಂಟುವುದು ಈ ಪೊರೆಗೆ. ಆಗಲೇ ಉಜ್ಜಿದರೆ ಹೋಗುತ್ತದೆ. ಬಿಟ್ಟರೆ ಪ್ಲಾಸ್ಟಿಕ್ಕಿಗೇ ಇಳಿಯುತ್ತದೆ, ಆಮೇಲೆ ಏನು ಮಾಡಿದರೂ ಅಷ್ಟೇ. ಕೋಲಾ ಕುಡಿಯುವವರಿಗೆ ಬಣ್ಣ ಚಿಕ್ಕ ಚಿಂತೆ. ಅದರ ಸಕ್ಕರೆ, ಹುಳಿ ಹಲ್ಲಿಗೆ ಅಂಟಿಕೊಂಡೇ ಕೂತು ಹುಳುಕು ಹಿಡಿಸುತ್ತವೆ. ಸಿಗರೇಟಿನ ಬಗ್ಗೆ ಹೇಳಬೇಕಾದ್ದೇ ಇಲ್ಲ, ಹಳದಿಯ ಜೊತೆ ವಾಸನೆ ಬೇರೆ.

‘ತಿನ್ನುವಾಗ ತೆಗೆದೇ ಇಡ್ತೀನಿ’ ಅಂತೀರಾ? ಹಾಗಾದರೆ ಅರಿಶಿನದ ಮೇಲೆ ಅನುಮಾನ ಪಡಿ. ಅದರ ಬಣ್ಣ ನೀರಿಗಿಂತ ಎಣ್ಣೆಯಲ್ಲೇ ಚೆನ್ನಾಗಿ ಕರಗುವುದು. ಹಾಗಾಗಿ ಎಣ್ಣೆ ಪಸೆಯ ಊಟ ಮಾಡಿ ಸುಮ್ನೆ ಬಾಯಿ ಮುಕ್ಕಳಿಸಿದರೆ ಸಾಲದು. ಹಲ್ಲಿನ ಮೇಲೆ ಉಳಿದ ಜಿಡ್ಡು ಅಲೈನರಿಗೆ ಹತ್ತುತ್ತದೆ. ಹಲ್ಲುಜ್ಜಿಯೇ ಹಾಕಿಕೊಳ್ಳಬೇಕು. ನಾನು ಆಫೀಸಿನ ಬ್ಯಾಗಿನಲ್ಲೊಂದು ಬ್ರಷ್ ಇಟ್ಟ ಮೇಲೆ ಈ ಹಳದಿ ನಿಂತಿತು.

ಇನ್ನು ತೊಳೆಯುವ ರೀತಿ. ಜಾಸ್ತಿ ಬೆಳ್ಳಗಾಗಲಿ ಅಂತ ಟೂತ್‌ಪೇಸ್ಟ್ ಹಾಕಿ ತಿಕ್ಕಿ ನಾನೇ ಒಂದು ಸೆಟ್ ಮಂಕು ಮಾಡಿಕೊಂಡೆ. ಪೇಸ್ಟ್ ತರಿತರಿ ಇರುತ್ತದೆ, ಸಣ್ಣ ಗೀರು ಬೀಳುತ್ತವೆ, ಕೊಳೆ ಹೋಗಿ ಆ ಗೀರಿನಲ್ಲೇ ಕೂರುತ್ತದೆ. ಮೆತ್ತನೆಯ ಬ್ರಷ್, ತಣ್ಣೀರು, ಬಣ್ಣವಿಲ್ಲದ ಸೋಪಿನ ಒಂದು ಹನಿ ಸಾಕು. ಬಿಸಿನೀರು ಬೇಡವೇ ಬೇಡ, ಆಕಾರ ಕೆಟ್ಟರೆ ಹಲ್ಲಿಗೆ ಕೂರುವುದಿಲ್ಲ. ಬಣ್ಣದ ಮೌತ್‌ವಾಶಿನಲ್ಲೂ ನೆನೆಸಬೇಡಿ. ತೆಗೆದ ತಕ್ಷಣ ತೊಳೆಯಿರಿ, ಜೊಲ್ಲು ಒಣಗಿದರೆ ಬಿಳಿ ಪದರ ಕಟ್ಟುತ್ತದೆ. (ಟಿಶ್ಯೂನಲ್ಲಿ ಸುತ್ತಿ ಮೇಜಿನ ಮೇಲಿಡುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ. ಕಸದ ಬುಟ್ಟಿ ಕೆದಕಿದವನ ಮಾತು ಇದು.)

ಈಗಾಗಲೇ ಆಗಿರುವ ಹಳದಿಗೆ ತಲೆ ಕೆಡಿಸಿಕೊಳ್ಳಬೇಡಿ. ಒಂದೆರಡು ವಾರಕ್ಕೆ ಮುಂದಿನ ಸೆಟ್ ಬರುತ್ತದೆ, ಬಣ್ಣ ತಿರುಗಿದ ಮಾತ್ರಕ್ಕೆ ಹಲ್ಲು ಸರಿಯುವುದು ನಿಲ್ಲುವುದಿಲ್ಲ. ಆದರೆ ಒಂದು ಪರೀಕ್ಷೆ ಮಾಡಿ ನೋಡಿ. ಅಲೈನರನ್ನು ತೊಳೆದು ಬಿಳಿ ಕಾಗದದ ಮೇಲಿಡಿ. ಅದು ತಿಳಿಯಾಗಿಯೇ ಇದ್ದರೆ ಹಳದಿ ಇರುವುದು ಹಲ್ಲಿಗೆ ಅಂಟಿಸಿರುವ ಅಟ್ಯಾಚ್‌ಮೆಂಟಿನಲ್ಲಿ ಇರಬಹುದು. ಅದು ಸೆಟ್ ಬದಲಾದರೂ ತಿಂಗಳುಗಟ್ಟಲೆ ಅಲ್ಲೇ ಇರುತ್ತದೆ. ನೀವೇ ಕೆರೆಯಲು ಹೋಗಬೇಡಿ, ಮುಂದಿನ ಸಲ ಹೋದಾಗ ಡಾಕ್ಟರಿಗೆ ತೋರಿಸಿ ಪಾಲಿಶ್ ಮಾಡಲು ಆಗುತ್ತದಾ ಅಂತ ಕೇಳಿ.