ಮನೆಯಲ್ಲೇ ಹುಬ್ಬಿನ ಥ್ರೆಡಿಂಗ್: ಕೂದಲು ಅರ್ಧಕ್ಕೇ ತುಂಡಾಗುವುದೇಕೆ?

ದಾರ ಹಿಡಿಯುವುದನ್ನು ಕಲಿತಿದ್ದರೂ ನಿಮ್ಮ ಹುಬ್ಬಿನ ಕೂದಲು ಬುಡಸಮೇತ ಬಾರದೆ ಅರ್ಧಕ್ಕೇ ತುಂಡಾಗುತ್ತದೆ, ಚರ್ಮವನ್ನು ಚಿವುಟಿದಂತೆಯೂ ಆಗುತ್ತದೆ ಎಂದು ಕೇಳಿದ್ದೀರಿ. ಎರಡಕ್ಕೂ ಮುಖ್ಯ ಕಾರಣ ಒಂದೇ: ಚರ್ಮ ಸಡಿಲವಾಗಿರುವುದು. ಪಾರ್ಲರಿನಲ್ಲಿ ಕುರ್ಚಿಗೆ ಒರಗಿದ ಕೂಡಲೇ ನಮ್ಮ ಕೈಯಿಂದಲೇ ಹಣೆಯನ್ನೂ ಕಣ್ಣಿನ ರೆಪ್ಪೆಯನ್ನೂ ಎಳೆದು ಹಿಡಿಯಲು ಹೇಳುತ್ತಾರೆ. ಮನೆಯಲ್ಲಿ ಎರಡು ಕೈಗಳೂ ದಾರದಲ್ಲಿರುವುದರಿಂದ ಅದು ಸಾಧ್ಯವಿಲ್ಲ. ಹಲವು ವರ್ಷಗಳಿಂದ ನನ್ನ ಹುಬ್ಬನ್ನು ನಾನೇ ಮಾಡಿಕೊಳ್ಳುತ್ತಿರುವ ನಾನು ಕಂಡುಕೊಂಡ ಉಪಾಯವೆಂದರೆ, ಕನ್ನಡಿಯನ್ನು ಮುಖದ ಎದುರಿಗೆ ಇಡದೆ ಕಿಟಕಿಯ ಬಳಿಯ ಮೇಜಿನ ಮೇಲೆ ತಗ್ಗಿನಲ್ಲಿಟ್ಟು, ಗಲ್ಲವನ್ನು ಮೇಲೆತ್ತಿ, ಕಣ್ಣನ್ನು ಅರೆಮುಚ್ಚಿ ಕೆಳಗೆ ನೋಡುತ್ತಾ ಹುಬ್ಬನ್ನು ಮೇಲಕ್ಕೇರಿಸುವುದು. ಆಗ ಹುಬ್ಬಿನ ಕೆಳಗಿನ ಚರ್ಮ ತಾನಾಗಿಯೇ ಬಿಗಿಯಾಗುತ್ತದೆ.

ಬಾಯಲ್ಲಿ ದಾರ ಕಚ್ಚಿಕೊಳ್ಳುವ ಪಾರ್ಲರಿನ ಕ್ರಮ ನಮ್ಮದೇ ಹುಬ್ಬಿಗೆ ಒಗ್ಗುವುದಿಲ್ಲ. ಸುಮಾರು ಎರಡು ಅಡಿ ಹತ್ತಿಯ ದಾರದ ತುದಿಗಳನ್ನು ಗಂಟು ಹಾಕಿ, ಎರಡೂ ಕೈಗಳ ಹೆಬ್ಬೆರಳು ಮತ್ತು ತೋರುಬೆರಳಿಗೆ ಸಿಕ್ಕಿಸಿ, ನಡುವೆ ಎಂಟು ಹತ್ತು ಸುತ್ತು ಹುರಿ ಮಾಡಿಕೊಳ್ಳಿ. ಪಾಲಿಯೆಸ್ಟರ್ ದಾರ ಜಾರುತ್ತದೆ, ಅದು ಬೇಡ. ಹುಬ್ಬಿನ ಕೂದಲು ಮೂಗಿನ ಕಡೆಯಿಂದ ಕಿವಿಯ ಕಡೆಗೆ ಬೆಳೆಯುವುದರಿಂದ ಹುರಿ ಅದಕ್ಕೆ ಎದುರಾಗಿ ಸರಿಯಬೇಕು. ಅಂದರೆ ಹುರಿಯನ್ನು ಕಿವಿಯ ಕಡೆಯ ಕೈಯ ಹತ್ತಿರ ಇಟ್ಟುಕೊಂಡು, ಮೂಗಿನ ಕಡೆಗೆ ಅಗಲವಾಗಿ ತೆರೆದಿರುವ ಎರಡು ಎಳೆಗಳ ನಡುವೆ ಬೇಡದ ಕೂದಲನ್ನು ತಂದು, ದಾರವನ್ನು ಚರ್ಮಕ್ಕೆ ತಾಗಿಸಿ, ಕಿವಿಯ ಕಡೆಯ ಬೆರಳುಗಳನ್ನು ತಟ್ಟನೆ ಅಗಲಿಸಬೇಕು. ನಿಧಾನವಾಗಿ ಅಗಲಿಸಿದರೂ ಕೂದಲು ತುಂಡಾಗುತ್ತದೆ. ಒಂದೇ ಸಲಕ್ಕೆ ಹೆಚ್ಚು ಕೂದಲನ್ನು ಹಿಡಿಯಲು ಹೋಗಬೇಡಿ. ಮೊದಲು ಸ್ವಲ್ಪ ಟಾಲ್ಕಂ ಪೌಡರ್ ಹಚ್ಚಿಕೊಂಡರೆ ಬೆವರು, ಎಣ್ಣೆಯ ಜಿಡ್ಡು ಅಡ್ಡಬರುವುದಿಲ್ಲ. ಕೈ ಕುದುರುವವರೆಗೆ ಮೊಣಕಾಲಿನ ಮೇಲ್ಭಾಗದ ಕೂದಲಿನ ಮೇಲೆ ಅಭ್ಯಾಸ ಮಾಡಿ. ಅಲ್ಲಿ ಕೆಟ್ಟರೆ ಯಾರಿಗೂ ಕಾಣುವುದಿಲ್ಲ.

ಆಕಾರಕ್ಕೆ ಒಂದು ಪೆನ್ಸಿಲ್ ಸಾಕು. ಮೂಗಿನ ಹೊಳ್ಳೆಯ ಪಕ್ಕದಿಂದ ನೇರ ಮೇಲಕ್ಕೆ ಹಿಡಿದಾಗ ಅದು ತಾಗುವ ಜಾಗ ಹುಬ್ಬಿನ ಆರಂಭ, ಅಲ್ಲಿಂದಲೇ ಕಣ್ಣಿನ ಹೊರತುದಿಯ ಮೇಲೆ ಓರೆಯಾಗಿ ಹಿಡಿದಾಗ ತಾಗುವ ಜಾಗ ಅದರ ಕೊನೆ. ಎರಡೂ ಹುಬ್ಬುಗಳನ್ನು ಒಂದೇ ಅಚ್ಚಿನಲ್ಲಿ ತೆಗೆಯುವ ಹಟ ಬೇಡ. ಇದನ್ನು ಸ್ವಲ್ಪ ತೆಗೆದು, ಅದನ್ನು ಸ್ವಲ್ಪ ತೆಗೆದು ಸರಿದೂಗಿಸುತ್ತಾ ಹೋದರೆ ಕೊನೆಗೆ ಎರಡೂ ಎಳೆಯಷ್ಟೇ ಉಳಿಯುತ್ತವೆ.

ಪ್ರತಿ ಸಲ ಹೊಸ ದಾರವನ್ನೇ ಬಳಸಿ, ಕೈ ಮತ್ತು ಮುಖವನ್ನು ತೊಳೆದುಕೊಂಡು ಕೂರಿ. ಮೊಡವೆಗೆಂದು ಟ್ರೆಟಿನಾಯಿನ್ ಕ್ರೀಮನ್ನೋ ಐಸೊಟ್ರೆಟಿನಾಯಿನ್ ಮಾತ್ರೆಯನ್ನೋ ಬಳಸುತ್ತಿದ್ದರೆ ಚರ್ಮ ಸುಲಿದುಬರುವ ಸಂಭವವಿರುವುದರಿಂದ ವೈದ್ಯರನ್ನು ಕೇಳದೆ ದಾರ ತಾಗಿಸಬೇಡಿ. ಹುಬ್ಬಿನ ಸುತ್ತ ನರಹುಲಿಯೋ ಕೀವುಗುಳ್ಳೆಯೋ ಇದ್ದರೂ ಮಾಡಬಾರದು, ದಾರದ ಉಜ್ಜಾಟದಿಂದ ಅದು ಹರಡಬಹುದು. ಮುಗಿದ ಮೇಲಿನ ಕೆಂಪಿಗೆ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ ಸಾಕು.

ಹುಬ್ಬಿನ ಮೇಲಂಚನ್ನು ಮಾತ್ರ ನಾನು ಮುಟ್ಟುವುದಿಲ್ಲ. ಅಲ್ಲಿ ಹಣೆಯನ್ನು ಕೈಯಿಲ್ಲದೆ ಬಿಗಿಗೊಳಿಸುವ ಉಪಾಯ ನನಗೆ ಸಿಕ್ಕಿಲ್ಲ. ಕೆಲವು ತಿಂಗಳಿಗೊಮ್ಮೆ ಪಾರ್ಲರಿನಲ್ಲಿ ಪೂರ್ತಿ ಆಕಾರ ಕೊಡಿಸಿಕೊಂಡು, ಆಮೇಲೆ ಅದೇ ಗೆರೆಯ ಕೆಳಗೆ ಬೆಳೆದದ್ದನ್ನಷ್ಟೇ ಮೂರು ನಾಲ್ಕು ವಾರಕ್ಕೊಮ್ಮೆ ಮನೆಯಲ್ಲಿ ತೆಗೆದುಕೊಳ್ಳುತ್ತೇನೆ.